ಸತ್ತ ಬೋರಿನ ವಿಳಾಸ

ಪಾರಮ್ಮ ಬೋರಿನ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನಿಂದ ಕೊಡ ತಿಕ್ಕುತ್ತಿದ್ದಳು. ಕೈ ಹೇಗೂ ಹುಳಿಯಾಗಿತ್ತು, ಪಂಪಿಗೆ ಜಡಿದಿದ್ದ ತಗಡನ್ನೂ ಒಮ್ಮೆ ತಿಕ್ಕಿದಳು. ತಗಡಿನ ಮೇಲಿನ ಕಪ್ಪು ಕ್ಯೂಆರ್ ಚೌಕಕ್ಕೆ ಶಮೀನಾ ಫೋನು ಹಿಡಿದಳು. ಹಸಿರು ಅಕ್ಷರ ಬಂತು: ಕುಡಿಯಬಹುದು.

"ನೋಡಿದಿಲ್ಲವ್ವಾ? ಮೊದಲ ಕೆಂಪು ಬರತಿತ್ತು. ನಾಕು ದಿನದಿಂದ ಹಸರು. ಊರೆಲ್ಲಾ ಇಲ್ಲೇ ತುಂಬಾಕ ಹತ್ತೈತಿ," ಎಂದಳು ಪಾರಮ್ಮ.

ಶಮೀನಾ ಮತ್ತೊಮ್ಮೆ ಫೋನು ಹಿಡಿದಳು. ಮತ್ತೆ ಹಸಿರೇ. ಕುಷ್ಟಗಿಯ ನೀರು ಪರೀಕ್ಷೆಯ ಸಂಘದ ವೆಬ್‌ಸೈಟು ಹನ್ನೊಂದು ವರ್ಷದಿಂದ ಅವಳ ಕೈಯಲ್ಲಿತ್ತು. ಬೋರಿಗೊಂದು ಪುಟ, ಪುಟಕ್ಕೊಂದು ವಿಳಾಸ. ಆ ವಿಳಾಸವೇ ತಗಡಿನ ಮೇಲಿನ ಚೌಕ. ಈಗ ಕಂಪನಿಯೊಂದು ಹೊಸ ವೆಬ್‌ಸೈಟು ಮಾಡಿ, ಹಳೆಯ ವಿಳಾಸಗಳನ್ನು ಒಂದೊಂದೇ ಊರಿನಂತೆ ಅದಕ್ಕೆ ತಿರುಗಿಸುತ್ತಿತ್ತು. ಹಳೆಯ ವಿಳಾಸ ಹಿಡಿದು ಬಂದವರನ್ನು ಅದು ಅದೇ ಬೋರಿನ ಹೊಸ ಪುಟಕ್ಕೆ ಮುಟ್ಟಿಸಬೇಕಿತ್ತು.

"ಯಕ್ಕಾ, ಈ ಬೋರಿನ ಹೆಸರೇನು?"

"ಹಣಮಪ್ಪನ ಬೋರು."

"ಗುಡಿ ಹಿಂದಿಂದು?"

"ಅದೂ ಹಣಮಪ್ಪನ ಬೋರ. ಇದು ಬತ್ತಿ ಸತ್ತಿತ್ತಲ್ಲ, ಅದನ್ನ ಕೊರಿಸಿದ್ವಿ. ಅಜ್ಜ ಸತ್ತರ ಮೊಮ್ಮಗಗ ಹೆಸರು ಇಡೂದಿಲ್ಲೇನು? ಹ್ವಾದ ವರ್ಷ ಮಳಿ ಆತು, ಅಜ್ಜ ಎದ್ದು ಕುಂತಾನ!"

ಹೊಸ ವೆಬ್‌ಸೈಟು ಹೆಸರು ನೋಡಿ ಅಜ್ಜನ ವಿಳಾಸವನ್ನು ಮೊಮ್ಮಗನ ಪುಟಕ್ಕೆ ಸೇರಿಸಿತ್ತು.

"ತುಂಬಬ್ಯಾಡ. ಈ ಹಸರು, ಗುಡಿ ಹಿಂದಿನ ಬೋರಿಂದು. ಇದರಾಗ ಫ್ಲೋರೈಡ್ ಐತಿ, ಹಲ್ಲು ಕೆಡತಾವು."

"ನನ್ನ ಬಾಯಾಗ ಹಲ್ಲು ಎಲ್ಲಿ ಅದಾವ, ಕೆಡಾಕ?"

"ಮೊಮ್ಮಕ್ಕಳಿಗೆ ಅದಾವಲ್ಲ."

ಪಾರಮ್ಮ ನಗು ನಿಲ್ಲಿಸಿ ಕೊಡ ಬೋರಲು ಹಾಕಿದಳು. ಶಮೀನಾ ತಗಡಿಗೆ ಅರಿವೆ ಸುತ್ತಿ ಬಿಗಿದು, ತಾವರಗೇರಾದಿಂದ ಕುಷ್ಟಗಿ ಬಸ್ಸು ಹಿಡಿದಳು.

ಸಂಘದ ಕಚೇರಿಯಲ್ಲಿ ಕಾರ್ಯದರ್ಶಿ ಸಿದ್ದೇಶ ಕಾಯುತ್ತಿದ್ದ. ಹಳೆಯ ವಿಳಾಸಗಳೆಲ್ಲ ಹೊಂದಿವೆ, ಹಳೆಯ ವೆಬ್‌ಸೈಟು ಮುಚ್ಚಬಹುದು ಎಂದು ಕಂಪನಿಗೆ ಅವಳ ಪತ್ರ ಹೋಗಬೇಕಿತ್ತು. ಮೂರು ವಾರದಿಂದ ಅವಳು ಅದನ್ನು ಕಳಿಸಿರಲಿಲ್ಲ. ಊರೂರು ತಿರುಗಿ ಒಂದೊಂದೇ ತಗಡು ನೋಡುತ್ತಿದ್ದಳು.

"ಇನ್ನೂ ಎಷ್ಟು ದಿನಾರೀ? ನಾಳೆ ಉದ್ಘಾಟನಾ ಐತಿ."

"ಮೂವತ್ತೊಂಬತ್ತು ತಪ್ಪು ಅದಾವ್ರಿ. ಇವತ್ತಿಂದು ಕೆಟ್ಟ ನೀರಿಗೆ ಹಸರು ತೋರಸ್ತೈತಿ."

"ಹಂಗಾದ್ರ ಹಳೇವು ಎಲ್ಲಾ ಮುಖಪುಟಕ್ಕ ಹೋಗಲಿ ಅಂತ ಬರೀರಿ. ಬೇಕಾದವ್ರು ಹುಡುಕ್ಕೋತಾರ."

"ಪಾರಮ್ಮ ಹುಡುಕೂದಿಲ್ರಿ. ಆಕಿ ಕೊಡ ಹಿಡಕೊಂಡು ನಿಂತಿರತಾಳ."

"ಸಹಿ ಮಾಡಂಗಿಲ್ಲಂದ್ರ ಈ ಕುರ್ಚಿಗೆ ಬ್ಯಾರೆಯವ್ರನ್ನ ಕರಸ್ತೀನಿ."

"ಕರಸ್ರಿ. ಅವ್ರ ಕೈಯಾಗೂ ಇದ ತಪ್ಪಿನ ಪಟ್ಟಿ ಇಡತೀನಿ."

ಅವಳು ಕಂಪ್ಯೂಟರಿನಲ್ಲಿ ಪತ್ರ ತೆರೆದಳು. 'ಎಲ್ಲ ಹಳೆಯ ವಿಳಾಸಗಳೂ ಸರಿಯಾಗಿವೆ' ಎಂಬ ಸಾಲನ್ನು ಅಳಿಸಿದಳು. ಆ ಜಾಗದಲ್ಲಿ ಬರೆದಳು: 'ಮೂವತ್ತೊಂಬತ್ತು ವಿಳಾಸಗಳು ಬೇರೆ ಬೋರಿನ ಪುಟಕ್ಕೆ ಹೋಗುತ್ತಿವೆ. ಹೆಸರಿನಿಂದಲ್ಲ, ಬೋರಿನ ನಂಬರಿನಿಂದ ಹೊಂದಿಸಬೇಕು. ಅಲ್ಲಿಯತನಕ ಹಳೆಯ ವೆಬ್‌ಸೈಟು ಮುಚ್ಚಲು ನನ್ನ ಒಪ್ಪಿಗೆ ಇಲ್ಲ.' ಪಟ್ಟಿ ಜೋಡಿಸಿದಳು. ಕಂಪನಿಯ ಹೆಸರಿನ ಕೆಳಗೆ ಆ ಊರುಗಳ ಪಂಚಾಯತಿಗಳನ್ನೂ ಸಂಘದ ಸದಸ್ಯರನ್ನೂ ಒಬ್ಬೊಬ್ಬರಾಗಿ ಸೇರಿಸಿದಳು.

"ಶಮೀನಾ ಅವ್ರ, ಒಂದ್ ನಿಮಿಷ ತಡೀರಿ."

ಅವಳು ಗುಂಡಿ ಒತ್ತಿದಳು.

ಸಿದ್ದೇಶನ ಅಂಗಿಯ ಜೇಬಿನಲ್ಲಿ ಫೋನು ಒಮ್ಮೆ ನಡುಗಿತು. ಅವನು ಅದನ್ನು ತೆಗೆಯಲಿಲ್ಲ.