ಇಲ್ಪೊನ ಗಂಟಲು, ರೌನೊನ ಸ್ಯಾಕ್ಸೊಫೋನು

ತಾಂಪೆರೆ ಊರಿನ ಒಂದು ಶಿಶುವಿಹಾರದಲ್ಲಿ ಇಲ್ಪೊನಷ್ಟು ಮೆತ್ತಗಿನ ಮೇಷ್ಟ್ರು ಇನ್ನೊಬ್ಬರಿರಲಿಲ್ಲ. ಮಕ್ಕಳ ಕೈಗವಸು ಹುಡುಕಿಕೊಡುತ್ತ, ಮೂಗು ಒರೆಸುತ್ತ ದಿನ ಕಳೆಯುವ ಈ ಮನುಷ್ಯ ಸಂಜೆಯಾದರೆ ಮೆಟಲ್ ಸಂಗೀತದ ತಂಡವೊಂದರಲ್ಲಿ ಹೆಣ ಎದ್ದು ಬಂದಂತೆ ಅಬ್ಬರಿಸುತ್ತಾನೆಂದು ಅಪ್ಪ ಅಮ್ಮಂದಿರಿಗೆಲ್ಲ ಗೊತ್ತಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅಪ್ಪಂದಿರಲ್ಲಿ ಅರ್ಧ ಜನ ತಾವೂ ಒಂದಲ್ಲ ಒಂದು ತಂಡದಲ್ಲಿ ಅದನ್ನೇ ಮಾಡುತ್ತಿದ್ದರು.

ತಂಡದ ಮೊದಲ ಆಲ್ಬಂಗೆಂದು ಹಿಲ್ಕಾ ಎಂಬಾಕೆಯ ರೆಕಾರ್ಡಿಂಗ್ ಸ್ಟುಡಿಯೊ ಗೊತ್ತು ಮಾಡಿದ ವಾರವೇ ಅವನ ಗಂಟಲು ಕೈಕೊಟ್ಟಿತು. ಮಕ್ಕಳಿಗೆ ಕರಡಿ ಕಥೆಯೇ ಬೇಕಿತ್ತು, ಅದೂ ಕರಡಿಯ ದನಿಯಲ್ಲೇ. ಹೇಳಿ ಹೇಳಿ ಸ್ವರ ಬಿದ್ದುಹೋಯಿತು. ಮೈಕಿನ ಮುಂದೆ ಬಾಯಿ ತೆರೆದರೆ ಹೊರಟದ್ದು ಎಣ್ಣೆ ಕಾಣದ ಬಾಗಿಲಿನ ಕಿರ್ರೆಂಬ ಸದ್ದು.

"ಏನೋ ಇದು? ನರಕದ ಬಾಗ್ಲು ತೆಗಿ ಅಂದ್ರೆ ಬಚ್ಚಲ ಬಾಗ್ಲು ತೆಗ್ದಂಗಿದೆ," ಎಂದು ಗಿಟಾರು ನುಡಿಸುವ ಯೂರಿ ತಲೆ ಚಚ್ಚಿಕೊಂಡ.

ಅಷ್ಟರಲ್ಲಿ ಕೊರಳಿಗೆ ಸ್ಯಾಕ್ಸೊಫೋನು ತೂಗುಹಾಕಿಕೊಂಡ ಮುದುಕನೊಬ್ಬ ಒಳಗೆ ನುಗ್ಗಿದ. ಅವನು ರೌನೊ. ಪಕ್ಕದ ಕೋಣೆಯಲ್ಲಿ ಹಳೇ ಕಾಲದ ಜಾಝ್ ಆಲ್ಬಂ ಒಂದನ್ನು ರೆಕಾರ್ಡ್ ಮಾಡುತ್ತಿದ್ದ. ಇವರ ಡ್ರಮ್ಸಿನ ಸದ್ದು ಗೋಡೆ ದಾಟಿ ಅವನ ಮೆಲುರಾಗವನ್ನೆಲ್ಲ ಕೆಡಿಸಿತ್ತು.

"ಏನ್ರೋ, ಇಲ್ಲೇನು ಹಂದಿ ಕಡೀತಿದೀರಾ?"

"ಹಂದಿಗೆ ದನೀನೇ ಹೋಗಿದೆ ಯಜಮಾನ್ರೇ," ಎಂದು ಯೂರಿ ಇಲ್ಪೊನತ್ತ ಬೆರಳು ತೋರಿಸಿದ.

ಬೈಯಲು ಬಂದ ರೌನೊಗೆ ಇಲ್ಪೊನ ಪೆಚ್ಚು ಮೋರೆ ನೋಡಿ ಅಯ್ಯೋ ಅನ್ನಿಸಿತು. ಅವನ ಬಾಯಿ ತೆರೆಸಿ ಒಳಗೆ ಇಣುಕಿದ. "ಗಂಟಲಿಂದ ಕೂಗ್ತೀಯಲ್ಲೋ ಮುಟ್ಠಾಳ! ಊದೋರು ಹೊಟ್ಟೆಯಿಂದ ಊದ್ತಾರೆ. ನಡಿ, ಸೌನಾಕ್ಕೆ."

ಸ್ಟುಡಿಯೊದ ಹಿತ್ತಿಲಲ್ಲಿದ್ದ ಸೌನಾ ಎಂಬ ಉಗಿಸ್ನಾನದ ಕೋಣೆಯಲ್ಲಿ, ಕಾದ ಕಲ್ಲಿನ ಮೇಲೆ ನೀರು ಸುರಿದು, ಇಬ್ಬರೂ ಬರಿಮೈಯಲ್ಲಿ ಉಗಿ ಕುಡಿಯುತ್ತ ಕೂತರು. ರೌನೊ ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಉಸಿರು ತುಂಬುವುದನ್ನು ಕಲಿಸಿದ. ಸ್ವಲ್ಪ ಹೊತ್ತಿಗೆ ಇಲ್ಪೊಗೆ ಪಿಸುಮಾತಾಡುವಷ್ಟು ದನಿ ಬಂತು.

"ನಿಮ್ಮ ಆಲ್ಬಂ ಯಾರಿಗೋಸ್ಕರ?"

"ಮೈರೆಗೆ. ನನ್ನ ಹೆಂಡ್ತಿಯಾಗಿದ್ಲು. ಬಿಟ್ಟು ಹೋದ್ಲು."

"ಎಲ್ಲಿಗೆ?"

"ನನ್ನ ಮನೆ ಮೇಲಿನ ಮಹಡಿಗೆ." ರೌನೊ ಬೆವರು ಒರೆಸಿಕೊಂಡ. "ಆಲ್ಬಂ ಮಾಡಿದಾಗೆಲ್ಲ ಒಂದು ಕೊಡ್ತೀನಿ. ಕೇಳಿದ್ರೆ ಒಳ್ಳೇ ನಿದ್ದೆ ಬರುತ್ತೆ ಅಂತಾಳೆ."

ನಯವಾಗಿ ಸುತ್ತಿಬಳಸಿ ಹೇಳಲು ಇಲ್ಪೊನ ಗಂಟಲಲ್ಲಿ ಶಕ್ತಿ ಇರಲಿಲ್ಲ. "ಗೋಡೆಯಾಚೆಯಿಂದ ಕೇಳಿಸ್ಕೊಂಡೆ, ನೀವು ಕ್ಷಮೆ ಕೇಳ್ದಂಗೆ ಊದ್ತೀರಿ. ಅವರ ಮೇಲೆ ಸಿಟ್ಟಿಲ್ವಾ?"

"ಇದೆ."

"ಎಲ್ಲಿಟ್ಟಿದೀರಿ ಅದನ್ನ?"

ರೌನೊ ಧಡಕ್ಕನೆ ಎದ್ದ. ಇಡೀ ಬಕೆಟ್ಟು ನೀರನ್ನು ಕಲ್ಲಿನ ಮೇಲೆ ಸುರಿದ. ಸುಡುವ ಉಗಿಗೆ ಇಲ್ಪೊ ಕಿವಿ ಮುಚ್ಚಿಕೊಂಡು ಹೊರಗೋಡಿದ.

ಮತ್ತೆ ಮೈಕಿನ ಮುಂದೆ ನಿಂತಾಗ ಇಲ್ಪೊನ ಹೊಟ್ಟೆಯಿಂದ ಎದ್ದ ಘರ್ಜನೆಗೆ ಅವನೇ ಬೆಚ್ಚಿದ. ಆದರೆ ಅರ್ಧ ಹಾಡಿಗೆ ಅದೂ ನಿಂತುಹೋಯಿತು. ಗಿಟಾರು, ಡ್ರಮ್ಸು ಓಡುತ್ತಲೇ ಇದ್ದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ರೌನೊ ದಡದಡನೆ ಬಂದು ಸ್ಯಾಕ್ಸೊಫೋನನ್ನು ಮೈಕಿಗೆ ಹಿಡಿದ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಬಾಯಿಗೆ ಬಂದರೂ ನುಂಗಿಕೊಂಡಿದ್ದ ಎಷ್ಟೋ ವರ್ಷಗಳ ಮಾತು ಆ ಹಿತ್ತಾಳೆಯ ಬಾಯಿಂದ ಬೊಬ್ಬಿರಿದುಕೊಂಡು ಹೊರಬಂತು. ಹಾಡು ಮುಗಿದಾಗ ಮುದುಕ ಕುರ್ಚಿಯ ಮೇಲೆ ಕುಸಿದು ಕೂತ.

"ರೆಕಾರ್ಡ್ ಆಗಿಬಿಡ್ತು. ಅಳಿಸ್ಲಾ?" ಎಂದಳು ಹಿಲ್ಕಾ.

"ಅದರ ಮೇಲೆ ಕೈ ಇಟ್ರೆ ನೋಡು!" ಎಂದು ಯೂರಿ ಅಡ್ಡ ನಿಂತ.

ಚಳಿಗಾಲ ಕಳೆಯುವಷ್ಟರಲ್ಲಿ ಎರಡೂ ಆಲ್ಬಂ ಹೊರಬಂದವು. ಅವನ್ನು ಮೈರೆಗೆ ಕೊಡಲು ಮೆಟ್ಟಿಲು ಹತ್ತುವ ಧೈರ್ಯ ರೌನೊಗೆ ಬರಲಿಲ್ಲ. ಇಲ್ಪೊನನ್ನೇ ಕಳಿಸಿದ.

ಮೈರೆ ಕಾಫಿ ಕೊಟ್ಟಳು, ದಾಲ್ಚಿನ್ನಿ ಬನ್ನು ಮುಂದಿಟ್ಟಳು. ಮೊದಲು ರೌನೊನ ಆಲ್ಬಂ ಹಾಕಿದಳು. ಎರಡನೇ ರಾಗಕ್ಕೆ ಕಣ್ಣು ಮುಚ್ಚಿದಳು. ಇಲ್ಪೊ ಮೆಲ್ಲಗೆದ್ದು ಇನ್ನೊಂದನ್ನು ಹಾಕಿದ. ಸ್ಯಾಕ್ಸೊಫೋನು ಬೊಬ್ಬಿಟ್ಟಾಗ ಮೈರೆ ನೆಟ್ಟಗೆ ಕೂತಳು.

"ರೌನೊ ಅವರೇ ಊದಿದ್ದು," ಎಂದ ಇಲ್ಪೊ.

"ನನಗೆ ಗೊತ್ತಾಗಲ್ವೇನಪ್ಪಾ? ಏನು ಕೇಳಿದ್ರೂ 'ಹೂಂ, ನಿನ್ನಿಷ್ಟ' ಅಂತಿದ್ದ ಗಂಡಸು. ಕೊನೆಗೆ ನಾನು ಹೋಗ್ತೀನಿ ಅಂದಾಗಲೂ ಅದೇ! ಒಂದ್ಸಲ ಹೀಗೆ ಬಾಯಿ ಬಿಟ್ಟಿದ್ರೆ ನಾನ್ಯಾಕೆ ಮನೆ ಬಿಡ್ತಿದ್ದೆ?" ಎಂದವಳೇ ಬಾಲ್ಕನಿಯ ಬಾಗಿಲು ಹಾರುಹೊಡೆದು, ಸೌಂಡು ಪೂರ್ತಿ ಏರಿಸಿದಳು.

ಕೆಳಗಿನ ಬಾಲ್ಕನಿಯಿಂದ ರೌನೊನ ಕೂಗು ಬಂತು. "ಮೈರೆ! ಸೌಂಡು ಕಮ್ಮಿ ಮಾಡೇ! ಅಕ್ಕಪಕ್ಕದೋರು ಏನಂತಾರೆ!"

"ಮಾಡಲ್ಲ! ಏನ್ಮಾಡ್ಕೋತೀಯ?"

"ಮೇಲೆ ಬಂದು ಕಿತ್ತಾಕ್ತೀನಿ!"

"ಬಾರಯ್ಯಾ ನೋಡೋಣ!"

ಮೆಟ್ಟಿಲ ಮೇಲೆ ಧಡಧಡ ಹೆಜ್ಜೆ ಸದ್ದು ಕೇಳಿತು. ಮೈರೆ ಅವಸರದಲ್ಲಿ ಕನ್ನಡಿ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು. ಇಲ್ಪೊ ಉಳಿದ ಬನ್ನನ್ನು ಜೇಬಿಗಿಳಿಸಿ, ರೌನೊ ಒಳಗೆ ನುಗ್ಗುವಾಗ ಅವನ ಪಕ್ಕದಿಂದ ನುಸುಳಿ ಬೀದಿಗಿಳಿದ.