ಲಾಭ, ಎರಡು, ಮೂರು, ನಾಲ್ಕು

ಗುಂಯ್ ಅನ್ನುತ್ತಿದೆ ಫೋಟೋಗಳನ್ನೆಲ್ಲ ತುಂಬಿಟ್ಟ ಕಂಪ್ಯೂಟರ್ ಪೆಟ್ಟಿಗೆ, ನೀರಲ್ಲಿ ಮುಳುಗಿ ಕೇಳಿದ ಹಿಟ್ಟಿನ ಗಿರಣಿಯ ಹಾಗೆ, ಸ್ಟುಡಿಯೋದ ಪರದೆ ಮಧ್ಯಾಹ್ನದ ಗಾಳಿಗೆ ಉಬ್ಬಿ ಇಳಿಯುತ್ತದೆ, ಕಾಂತುವಿನ ರೆಪ್ಪೆಯೂ ಅದರ ಜೊತೆಗೇ — ಮಲಗಬಾರದು, ಕಿವಿಯಲ್ಲಿ ಮೊಬೈಲು, ಮೊಬೈಲಿನಲ್ಲಿ ವಿಜಾಪುರದ ಚೇತನಕುಮಾರ, ಪೆಟ್ಟಿಗೆ ಮಾರಿದವನು, ಮೂಗಿನಿಂದಲೇ ಮಾತಾಡುವವನು, ಆ ಧಾಟಿಯನ್ನು ಕಾಂತು ಎಷ್ಟು ಚೆಂದ ಎತ್ತುತ್ತಾನೆಂದರೆ ಒಮ್ಮೆ ಚೇತನನ ಹೆಂಡತಿಯೇ ಫೋನಿನಲ್ಲಿ ಮೋಸಹೋಗಿ ಬರುವಾಗ ಹಾಲು ತಗೊಂಡು ಬರ್ರಿ ಅಂದಿದ್ದಳು. ಕಾಂತಣ್ಣಾ, ಕೇಳಾಕತ್ತೀರಿಲ್ಲೋ, ನಾಕು ಡಿಸ್ಕಿನ್ಯಾಗ ಒಂದು ಸತ್ತೈತಿ, ಒಂದು ಸತ್ರ ಉಳಿದ ಮೂರು ತಡಕೊಂತಾವ, ಇನ್ನೊಂದು ಹೋತಂದ್ರ ಎಲ್ಲಾ ಹೋತು, ಸತ್ತದ್ದನ್ನಷ್ಟ ಎಳೀರಿ, ಡಿಸ್ಕ್ ಅಂದ್ರ ರಿಸ್ಕ್ ನೋಡ್ರಿ, ಮಾನಿಟರ್ ಮ್ಯಾಲ ಎಷ್ಟನೇದು ಅಂತ ತೋರಸ್ತೈತಿ? ಎರಡು ಅಂತೈತಪಾ. ಮತ್ತ ಎರಡು ಎಳೀರಿ. ನೆಗೆಟಿವ್ ಅಂತೂ ಅದಾವಲ್ರಿ? ಅದಾವ, ಅಂದಿತು ನಾಲಿಗೆ, ಕಾಂತುವನ್ನು ಕೇಳದೆಯೇ — ಎಲ್ಲಿವೆ, ಥಂಡಿಗೆ ಒಂದಕ್ಕೊಂದು ಅಂಟಿ ಹಪ್ಪಳದ ಕಟ್ಟಿನಂತಾಗಿದ್ದವು, ಎಲ್ಲ ಸ್ಕ್ಯಾನ್ ಆಗಿ ಪೆಟ್ಟಿಗೆ ಸೇರಿತಲ್ಲ ಇನ್ಯಾಕೆಂದು ತಾನೇ ತಿಪ್ಪೆಗೆ ಚೆಲ್ಲಿದ್ದ, ನಾಲ್ಕು ಡಿಸ್ಕು ಎಂದರೆ ನಾಲ್ಕು ನಕಲು ಎಂದುಕೊಂಡಿದ್ದ ಮುದ್ದೇಬಿಹಾಳದ ಮಹಾಮೇಧಾವಿ.

ಒಳಗಿರುವುದು ಮನೆಗಳು, ಆಲಮಟ್ಟಿಯ ಹಿನ್ನೀರು ಏರುವ ಮುಂಚಿನ ಬೇಸಿಗೆಯಲ್ಲಿ ಓಣಿಓಣಿ ತಿರುಗಿ ಫೋಟೋ ತೆಗೆದ ಇನ್ನೂರ ಹನ್ನೊಂದು ಬಾಗಿಲು, ಬಾಗಿಲಿಗೊಂದು ಸಂಸಾರ, ನೀರು ಬಂತು, ಮಂದಿ ಇಂಡಿಗೆ ಹೋದರು, ಸಿಂದಗಿಗೆ ಹೋದರು, ಬಾಗೇವಾಡಿಗೆ ಹೋದರು, ಹತ್ತು ವರ್ಷ ಕಳೆದು ಒಬ್ಬೊಬ್ಬರೇ ಬಂದು ಮನೆ ಕೇಳುತ್ತಾರೆ. ಹೊರಗೆ ಬೆಂಚಿನ ಮೇಲೆ ಮಾಬುಬಿ, ಇಂಡಿಯಿಂದ ಎರಡು ಬಸ್ಸು ಬದಲಿಸಿ ಬಂದವಳು. ಕಾಂತೂ, ಆತೇನೋ? ಆತಬೇ ಅಕ್ಕಾ, ಚಾ ಕುಡಿ. ನಿನ್ನ ಆತು ಕೇಳಿ ಕೇಳಿ ಮೂರು ಚಾ ಆದ್ವೋ. ಅವಳಪ್ಪ ಕಾಸಿಂಸಾಬ ಹೋದ ತಿಂಗಳು ತೀರಿಕೊಂಡ, ಆಮೇಲೆ ಮನೆಯವರಿಗೆಲ್ಲ ತಿಳಿಯಿತು, ಅವನು ಫೋಟೋಕ್ಕೆ ನಿಂತದ್ದು ಜೀವಮಾನದಲ್ಲಿ ಒಂದೇ ಸಲ — ಬಾಗಿಲ ಮುಂದೆ, ಕಂಕುಳಲ್ಲಿ ಕೋಳಿ ಅವುಚಿಕೊಂಡು, ಕೋಳಿ ಬಿಡೋ ಮಾಮಾ ಎಂದು ಕಾಂತು ಅಂದರೆ ಯಾಕ, ಅದೂ ಮನಿಮಂದೀನ ಅಲ್ಲೇನು ಅಂದಿದ್ದ, ಕ್ಯಾಮೆರಾ ಕಡೆ ನೋಡಿದ್ದು ಕೋಳಿ, ಕಾಸಿಂಸಾಬ ನೋಡಿದ್ದು ಕೋಳಿಯನ್ನು.

ಎರಡು, ಎಳೀರಿ. ಪೆಟ್ಟಿಗೆಯ ಮುಖಕ್ಕೆ ನಾಲ್ಕು ಖಾನೆ, ಖಾನೆಗೊಂದು ಚೀಟಿ, ಮಿಣಕ್ ಮಿಣಕ್ ಅಂತ ಕಣ್ಣಿಗೆ ಚುಚ್ಚತಾವೋ ಎಂದು ಕಾಂತುವಿನ ಚಂದಪ್ಪಕಾಕಾ ತಾನೇ ಬರೆದು ದೀಪಗಳ ಮೇಲೆಯೇ ಅಂಟಿಸಿದ್ದು, ಎರಡು ಎಂಬ ಚೀಟಿಯ ಖಾನೆಯ ಹಿಡಿಕೆಗೆ ಕಾಂತು ಹೆಬ್ಬೆರಳಿಟ್ಟ, ಟಕ್ ಎಂದು ಕೊಂಡಿ ಬಿಚ್ಚಿತು, ಇನ್ನು ಎಳೆಯುವುದೊಂದೇ — ಪಕ್ಕದ್ದು ಮೂರು, ಅದರಾಚೆ ನಾಲ್ಕು, ಈಚೆ ಮೊದಲನೆಯದರ ಚೀಟಿಯಲ್ಲಿ ಲಾಭ, ನೆನಪಿಗೆ ಬಂತು ಗೊಳಸಂಗಿಯ ಕಣ, ಜೋಳದ ರಾಶಿ, ಕಾಕಾ ಸೇರು ತುಂಬಿ ಗೀರಿ ಸುರಿಯುತ್ತಾನೆ, ಮೊದಲ ಸೇರಿಗೆ ಒಂದು ಅನ್ನುವ ಹಾಗಿಲ್ಲ, ಲಾಭ ಅನ್ನಬೇಕು, ಲಾಆಭ, ಎರಡೇ ಎರಡು, ಮೂರೇ ಮೂರು, ಆ ದನಿಯನ್ನೂ ಎತ್ತುತ್ತಾನೆ ಕಾಂತು, ಈಗಲೂ ತುಟಿ ಅಲುಗುತ್ತಿದೆ, ಕಣ್ಣು ಮಾತ್ರ ಮಾನಿಟರ್ ಮೇಲಿನ ಡಿಸ್ಕುಗಳ ಸಾಲಿನ ಮೇಲೆ ಜಾರುತ್ತಿದೆ, ಒಂದು, ಎರಡು, ಮೂರು, ಒಂದರ ಮೇಲೆ ಇನ್ನೂ ಏನೋ ಇದೆ, ಸೊನ್ನೆ. ಸೊನ್ನೆಯೇ? ಯಂತ್ರವೂ ಕಾಕಾನ ಹಾಗೆ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಕಾಕಾ ಲಾಭ ಅಂದದ್ದಕ್ಕೆ ಅದು ಸೊನ್ನೆ ಅನ್ನುತ್ತದೆ, ಹಾಗಾದರೆ ಕಾಕಾನ ಎರಡಕ್ಕೆ ಅದು ಒಂದು ಅನ್ನುತ್ತದೆ, ಹಾಗಾದರೆ ಅದು ಎರಡು ಅನ್ನುವುದು, ಸತ್ತದ್ದು ಅನ್ನುವುದು ಕಾಕಾನ ಮೂರು — ಎಳದ್ರೇನ್ರಿ, ಕಾಂತಣ್ಣಾ? ಆತೇನೋ, ಕಾಂತೂ? ಹೆಬ್ಬೆರಳು ಹಿಡಿಕೆಯ ಮೇಲೆ, ಡಿಸ್ಕು ಇನ್ನೂ ಒಳಗೇ, ಇನ್ನೊಂದು ಕೈಯ ಉಗುರು ಎರಡು ಎಂಬ ಚೀಟಿಯ ಮೂಲೆಯನ್ನು ಕೆರೆಯುತ್ತಿದೆ, ಗೋಂದು ಒಣಗಿದೆ, ಚೂರು ಚೂರಾಗಿ ಬರುತ್ತಿದೆ, ಅಡಿಯಲ್ಲಿ ಎಳ್ಳಿನಷ್ಟು ಬೆಳಕು, ಹಸಿರು, ಆರಿತು, ಹಸಿರು, ಜೀವದ್ದು ಇದು, ಉಸಿರಾಡುತ್ತಿರುವುದು, ಬೆರಳು ತೆಗೆ ಕಾಂತು, ಮೆಲ್ಲಗೆ, ಹಸಿರು, ಆರಿತು, ಹಸಿರು