ಐದನೇ ಕಂತಿನವರೆಗೆ

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಿಲ್ಲ. ಇದು ಕಸುಬಿನಿಂದ ಬಂದ ತೊಂದರೆ. ಕಾಮಿಇಗುಸಾ ಸ್ಟೇಷನ್ ಹತ್ತಿರದ ಒಂದು ಸಣ್ಣ ಅನಿಮೆ (ಜಪಾನಿನ ಕಾರ್ಟೂನ್) ಸ್ಟುಡಿಯೊದಲ್ಲಿ ನನ್ನ ಕೆಲಸ. ಒಂದು ಚಲನೆಯ ಮೊದಲ ಚಿತ್ರವನ್ನೂ ಕೊನೆಯ ಚಿತ್ರವನ್ನೂ ದೊಡ್ಡ ಕಲಾವಿದರು ಬಿಡಿಸಿ ಕೊಡುತ್ತಾರೆ. ನಡುವಿನವನ್ನು ನಾನು ತುಂಬುತ್ತೇನೆ. ಆರಂಭವೂ ಅಂತ್ಯವೂ ಯಾವತ್ತೂ ಬೇರೆಯವರದ್ದೇ.

ಆದ್ದರಿಂದ ಲಿಸ್ಟಿನಿಂದ ಶುರು ಮಾಡುತ್ತೇನೆ. ಮೂರು ತಿಂಗಳಿಗೊಮ್ಮೆ ಟಿವಿಯಲ್ಲಿ ಹೊಸ ಅನಿಮೆಗಳು ಬರುತ್ತವೆ, ವಾರಕ್ಕೊಂದರಂತೆ ಹನ್ನೆರಡು ಕಂತು. ಅದಕ್ಕೆ ಒಂದು ವಾರ ಮೊದಲು, ನಾನು ಕಾಯುತ್ತಿರುವ ಐದನ್ನು ನನ್ನ ಬ್ಲಾಗಿನಲ್ಲಿ ಹಾಕುತ್ತೇನೆ. ನನ್ನ ಹೆಸರು ಹಾಕುವುದಿಲ್ಲ. ಓದುವವರು ಮುನ್ನೂರು ಚಿಲ್ಲರೆ ಜನ. ಇದು ಈ ಶರತ್ಕಾಲದ ಲಿಸ್ಟು.

5. ‘ಕೊನೆಯ ದೋಣಿ ಆರಕ್ಕೆ’. ದ್ವೀಪವೊಂದರಲ್ಲಿ ದೋಣಿಯ ಟಿಕೆಟ್ ಹರಿಯುವ ಹುಡುಗಿಯ ಕಥೆ. ಟ್ರೇಲರಿನಲ್ಲಿ ಅವಳು ಒಮ್ಮೆಯೂ ನಗಲಿಲ್ಲ. ಅದಕ್ಕೇ ಕಾಯುತ್ತಿದ್ದೇನೆ.

4. ‘ಗದ್ದೆಯಲ್ಲಿ ಅಜ್ಜನ ರೋಬೋಟ್’, ಎರಡನೇ ಭಾಗ. ಮೊದಲ ಭಾಗದಲ್ಲಿ ಕಪ್ಪೆಗಳ ಸದ್ದು ಚೆನ್ನಾಗಿತ್ತು. (ಇದೂ ಒಂದು ವಿಮರ್ಶೆಯೇ ಎಂದು ಕೇಳಬೇಡಿ. ಹೈಸ್ಕೂಲನ್ನು ಎರಡನೇ ವರ್ಷಕ್ಕೇ ಬಿಟ್ಟವಳು ನಾನು. ನನಗೆ ಬರುವುದು ಇಷ್ಟೇ.)

3 ಮತ್ತು 2. ಇವನ್ನು ಬ್ಲಾಗಿನಲ್ಲೇ ಓದಿ. ಇಲ್ಲಿ ಬರೆದರೆ ಅವುಗಳ ಹಿಂದೆ ಅವಿತುಕೊಂಡು ಒಂದನೆಯದನ್ನು ಮುಂದೂಡಿದಂತಾಗುತ್ತದೆ.

1. ‘ಕಬ್ಬಿಣದ ಹಕ್ಕಿಗಳ ರಾಜ್ಯ’. ಕತ್ತಿ, ಯುದ್ಧ, ಹಾರುವ ಕೋಟೆ. ಈ ಸಲದ ಅತಿ ಸುಂದರ ಟ್ರೇಲರ್ ಇದರದ್ದೇ.

(ಸುಳ್ಳು ಹೇಳಿಲ್ಲ. ಟ್ರೇಲರ್ ಸುಂದರವಾಗಿಯೇ ಇದೆ. ಅದು ಮತ್ತು ಮೊದಲ ಕಂತು ಬಿಟ್ಟರೆ ನೆಟ್ಟಗೆ ಮುಗಿದಿರುವುದು ಬೇರೆ ಏನೂ ಇಲ್ಲ. ಇದನ್ನು ಮಾಡುತ್ತಿರುವುದು ನಮ್ಮ ಸ್ಟುಡಿಯೊ. ಎರಡನೇ ಕಂತಿನಿಂದ ಚಿತ್ರಗಳು ಹೇಗೆ ಕೆಡುತ್ತವೆಂದು ದಿನವೂ ಮೇಜಿನ ಮೇಲೆ ನೋಡುತ್ತಿದ್ದೇನೆ. ನಮ್ಮವರ ಕೆಲಸವನ್ನು ಲಿಸ್ಟಿಗೆ ಹಾಕಬಾರದೆಂಬ ನಿಯಮವನ್ನೂ ನಾನೇ ಮಾಡಿಕೊಂಡಿದ್ದೆ.) ಡಿಲೀಟ್.

1, ಎರಡನೇ ಡ್ರಾಫ್ಟ್. ಕುರಾಮೋಚಿಯವರಿಂದ ಶುರು ಮಾಡುತ್ತೇನೆ. ನನ್ನ ಎಡಗಡೆಯ ಮೇಜು ಅವರದ್ದು. ವಯಸ್ಸು ಅರವತ್ತೇಳು, ಕಸುಬಿಗೆ ನಲವತ್ತನಾಲ್ಕು ವರ್ಷ. ಬೇಸಿಗೆಯಿಂದ ಬಲಗೈ ನಡುಗುತ್ತಿದೆ. ಡಿಸೆಂಬರಿಗೆ ಮೇಜು ಖಾಲಿ ಮಾಡುತ್ತಾರೆ. ಇದರ ಐದನೇ ಕಂತಿನ ಒಂದು ದೃಶ್ಯ ಅವರ ಕೊನೆಯ ಕೆಲಸ. ಒಂಬತ್ತು ಸೆಕೆಂಡು. ಯುದ್ಧಕ್ಕೆ ಸಂಬಂಧವೇ ಇಲ್ಲದ ಮುದುಕಿಯೊಬ್ಬಳು ಬೆಳಿಗ್ಗೆ ಎದ್ದು ಹಾಸಿಗೆ ಮಡಚುತ್ತಾಳೆ. ಎರಡು ಹಾಸಿಗೆ. ಎರಡನೆಯದರಲ್ಲಿ ಯಾರೂ ಮಲಗಿರಲಿಲ್ಲ. ಅದನ್ನೂ ಕೊಡವುತ್ತಾಳೆ, ಸುಕ್ಕು ನೀವುತ್ತಾಳೆ, ಮಡಚುತ್ತಾಳೆ.

ನಡುವಿನ ಅರವತ್ತೊಂದು ಚಿತ್ರಗಳನ್ನು ನಾನು ಬಿಡಿಸಿದೆ. ಹಾಳೆಗಳನ್ನು ಬೆರಳಸಂದಿಯಲ್ಲಿ ಹಿಡಿದು ಸರಸರನೆ ತಿರುವಿದಾಗ ಅವಳಿಗೆ ಮೊಣಕಾಲು ನೋಯುತ್ತಿರುವುದು ಕಂಡಿತು. ಆ ನೋವನ್ನು ನಾನು ಯಾವ ಹಾಳೆಯಲ್ಲೂ ಬಿಡಿಸಿರಲಿಲ್ಲ.

(ಇದನ್ನೆಲ್ಲ ಹೊರಗೆ ಹೇಳುವುದಿಲ್ಲವೆಂದು ಸ್ಟುಡಿಯೊಗೆ ಸಹಿ ಹಾಕಿ ಕೊಟ್ಟಿದ್ದೀಯಲ್ಲ, ಇಲ್ಲಿ ಹೇಗೆ ಹೇಳುತ್ತಿದ್ದೀ ಎನ್ನುತ್ತೀರಾ? ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ. ಮುದುಕಿ ಮಡಚುವುದು ಹಾಸಿಗೆಯೇ ಆಗಿರಲಿಕ್ಕಿಲ್ಲ.)

ಮೂರು ಕಂತು ನೋಡಿ ಹಿಡಿಸದಿದ್ದರೆ ಬಿಟ್ಟುಬಿಡುವುದು ಅನಿಮೆ ನೋಡುವವರ ಅಭ್ಯಾಸ. ನಾನೇ ಪ್ರತಿ ಲಿಸ್ಟಿನ ಕೆಳಗೆ ಬರೆಯುತ್ತೇನೆ: ಮೂರಕ್ಕಿಂತ ಹೆಚ್ಚು ಕೊಡಬೇಡಿ, ನಿಮ್ಮ ಸಮಯ ನಿಮ್ಮದು. ‘ಕಬ್ಬಿಣದ ಹಕ್ಕಿ’ಯನ್ನು ಮೂರಕ್ಕೆ ಎಲ್ಲರೂ ಬಿಡುತ್ತಾರೆ. ಐದನೆಯದಕ್ಕೆ ಯಾರೂ ಉಳಿದಿರುವುದಿಲ್ಲ.

1, ಮೂರನೇ ಡ್ರಾಫ್ಟ್. ದೂರದ ಅಕಿತಾ ಊರಿನಲ್ಲಿರುವ, ನನ್ನ ಬ್ಲಾಗಿನ ಓದುಗಿಯಿಂದ ಶುರು ಮಾಡೋಣ. ಅವಳ ಮುಖ ನಾನು ನೋಡಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಾಳೆ. ಭಾನುವಾರ ಅರ್ಧ ಗಂಟೆ ಮಾತ್ರ ತನ್ನದು, ಆರಿಸಿಕೊಂಡು ಕೂರಲು ಪುರುಸೊತ್ತಿಲ್ಲ, ನಿಮ್ಮ ಒಂದನೇ ನಂಬರನ್ನಷ್ಟೇ ನೋಡುತ್ತೇನೆ ಎಂದು ಹೋದ ವರ್ಷ ಬರೆದಿದ್ದಳು. ಒಂಬತ್ತು ಸೆಕೆಂಡಿಗಾಗಿ ಅವಳ ಐದು ಭಾನುವಾರ ಕೇಳಬೇಕು.

ಊಟದ ಹೊತ್ತಿನಲ್ಲಿ, ಇಲ್ಲಿಯವರೆಗೆ ಬರೆದದ್ದನ್ನು ಕುರಾಮೋಚಿಯವರಿಗೆ ತೋರಿಸಿದೆ. ಅನ್ನದ ಉಂಡೆ ತಿನ್ನುತ್ತ ಪೂರ್ತಿ ಓದಿದರು.

“ನನ್ನನ್ನ ಯಾಕಮ್ಮ ಎಳೆದು ತಂದೆ ಇದರೊಳಗೆ?”

ನೀವಿಲ್ಲದೆ ಕಥೆಯೇ ಇಲ್ಲ ಎಂದೆ.

“ಕೈ ನಡುಗುತ್ತೆ ಅಂತ ಬೇರೆ ಬರ್ದಿದ್ದೀಯ. ಅದನ್ನ ತೆಗಿ. ಮುದುಕಿ ಇರ್ಲಿ.” (ತೆಗೆಯಲಿಲ್ಲ. ಇದೊಂದರಲ್ಲಿ ನಾನು ಅವರಿಗಿಂತ ಹಟಮಾರಿ.)

ಯಾರೂ ನೋಡದೆ ಹೋದರೆ ಎಂದು ಕೇಳಿದೆ. ಅವರು ಬೆರಳಿಗಂಟಿದ ಅನ್ನದಗುಳನ್ನು ತೆಗೆದು ಬಾಯಿಗೆ ಹಾಕಿಕೊಂಡರು.

“ಯಾರೂ ನೋಡ್ದೆ ಹೋದದ್ದು ಎಷ್ಟು ಬಿಡ್ಸಿದ್ದೀನೋ, ಲೆಕ್ಕ ಇಟ್ಟಿಲ್ಲ. ಆ ಹೆಣ್ಮಗಳ ಭಾನುವಾರ ನಂಗೆ ಬೇಡ. ಅವಳ ಮನೇಲೇ ಬೇಕಾದಷ್ಟು ಹಾಸಿಗೆ ಮಡಚೋದಿರುತ್ತೆ.”

ಆ ಮಾತು ಕೇಳಿದ ಮೇಲೇ, ಬೇರೆ ಯಾರು ನೋಡದಿದ್ದರೂ ಅವಳು ನೋಡಬೇಕು ಎಂದು ನನಗೆ ಅನ್ನಿಸಿದ್ದು.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಬುಧವಾರ ನಾಗುಮೊ ಬಂದಳು. ಮೇಜಿನಿಂದ ಮೇಜಿಗೆ ಹಾಳೆ ಸಾಗಿಸುವುದು, ದಿನ ತಪ್ಪದಂತೆ ನೋಡಿಕೊಳ್ಳುವುದು ಅವಳ ಕೆಲಸ. ಐದನೇ ಕಂತು ಹನ್ನೊಂದು ದಿನ ಹಿಂದೆ ಬಿದ್ದಿದೆಯಂತೆ. ಬಣ್ಣ ತುಂಬುವವರಿಗೆ ಹೊತ್ತಿಲ್ಲ. ಹಾಸಿಗೆಯ ದೃಶ್ಯವನ್ನು ಒಂದೇ ಚಿತ್ರವಾಗಿ ನಿಲ್ಲಿಸಿಬಿಡೋಣವೇ ಎಂದು ನಿರ್ದೇಶಕರು ಯೋಚಿಸುತ್ತಿದ್ದಾರಂತೆ. ಮುದುಕಿ ಒಂಬತ್ತು ಸೆಕೆಂಡು ಅಲುಗದೆ ಕೂತಿರುತ್ತಾಳೆ.

“ಹಂಗೆ ನೋಡ್ಬೇಡ ಹಿಬಿನೋ,” ಎಂದಳು ನನಗೆ. “ನಾನು ಹಾಳೆ ಹೊರೋಳು ಅಷ್ಟೇ.”

ಈಗ ಅಂತ್ಯಗಳು.

ಅ. ನಿರ್ದೇಶಕರು ನನ್ನ ಹಾಳೆಗಳನ್ನು ತಿರುವಿ ನೋಡುತ್ತಾರೆ. ಮತ್ತೊಮ್ಮೆ ತಿರುವುತ್ತಾರೆ. ದೃಶ್ಯ ಉಳಿಯುತ್ತದೆ. (ಇದೂ ಟ್ರೇಲರಿನ ಹಾಗೆ ಸುಂದರ.)

ಆ. ನಿಂತ ಚಿತ್ರವೇ ಬರುತ್ತದೆ. ಕುರಾಮೋಚಿಯವರು ಮನೆಯಲ್ಲಿ ಒಬ್ಬರೇ ನೋಡಿ, ಟಿವಿ ಆರಿಸಿ, ಬಾರ್ಲಿ ಚಹಾ ಬಗ್ಗಿಸಿಕೊಳ್ಳು (ಈ ವಾಕ್ಯ ಮುಗಿಸಲಾಗಲಿಲ್ಲ.)

ಇ. ದೋಣಿಯ ಹುಡುಗಿಯನ್ನು ಒಂದನೇ ಜಾಗಕ್ಕೆ ಏರಿಸುತ್ತೇನೆ. ಅಕಿತಾದವಳಿಗೆ ಹನ್ನೆರಡು ಒಳ್ಳೆಯ ಭಾನುವಾರ. ನನ್ನ ನಿಯಮವೂ ಉಳಿಯುತ್ತದೆ. ಸರಿಯಾದ ಅಂತ್ಯ ಇದೇ.

ನಿನ್ನೆ ಬ್ಲಾಗಿನಲ್ಲಿ ಹಾಕಿದ್ದು ಮಾತ್ರ ಹೀಗೆ:

1. ‘ಕಬ್ಬಿಣದ ಹಕ್ಕಿಗಳ ರಾಜ್ಯ’. ಇದು ಚೆನ್ನಾಗಿರುವುದಿಲ್ಲ. ಮೊದಲ ನಾಲ್ಕು ಕಂತು ನೋಡಬೇಡಿ. ಐದನೆಯದನ್ನು ನೋಡಿ.

ನಾನು ಯಾರೆಂದು ಸ್ಟುಡಿಯೊದಲ್ಲಿ ಯಾರಾದರೂ ಪತ್ತೆ ಮಾಡಿದರೆ ಡಿಸೆಂಬರಿಗಿಂತ ಮೊದಲೇ ಖಾಲಿಯಾಗುವುದು ನನ್ನ ಮೇಜು. ಬೆಳಿಗ್ಗೆ ತೆರೆದು ನೋಡಿದರೆ ಅಕಿತಾದಿಂದ ಒಂದು ಕಾಮೆಂಟ್ ಇತ್ತು.

“ಐದನೇದು ನವೆಂಬರ್ ಎರಡಕ್ಕೆ ಅಲ್ವಾ? ಅವತ್ತು ಅತ್ತೆಗೆ ಸ್ವಲ್ಪ ಬೇಗ ಊಟ ಮಾಡಿಸಿಬಿಡ್ತೀನಿ. ಏನಿದೆ ಅದರಲ್ಲಿ?”

ಇವತ್ತು ಸೆಪ್ಟೆಂಬರ್ ಇಪ್ಪತ್ತಾರು. ಅರವತ್ತೊಂದು ಹಾಳೆಗಳೂ ನಾಗುಮೊಳ ಚೀಲದಲ್ಲಿವೆ. ಒಯ್ಯಬೇಕಾದ್ದು ಬಣ್ಣದವರ ಬಳಿಗೋ, ಕಪಾಟಿಗೋ, ಅವಳಿಗೂ ಇನ್ನೂ ಯಾರೂ ಹೇಳಿಲ್ಲ. ಎರಡು ಸಲ ಉತ್ತರ ಬರೆದು ಅಳಿಸಿದೆ. ಮೂರನೇ ಸಲ ಬರೆದದ್ದನ್ನು ಅಳಿಸದೆ ಕಳಿಸಿದೆ:

ಗೊತ್ತಿಲ್ಲ. ನಾನೂ ಅವತ್ತೇ ನೋಡಬೇಕು.